ಮೂರನೇ ಇಯತ್ತೆಯ ಜೋಲಿ

ಜೈತುನಬಿ ಅಕ್ಕೋರು ಮಗಳಿಗೆ ಜಡೆ ಹಾಕುತ್ತಿದ್ದುದು ಬಸ್ಸಿನಲ್ಲಿ. ಬೈಲಹೊಂಗಲದ ಸ್ಟ್ಯಾಂಡಿನಲ್ಲಿ ಸವದತ್ತಿ ಬಸ್ಸು ಹತ್ತಿ ಕೂತ ಕೂಡಲೇ ತಮ್ಮ ತುರುಬಿನಿಂದ ಬಾಚಣಿಕೆ ಕಿತ್ತು, ಮಗಳು ಶಮಶಾದಳನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಶುರು ಮಾಡುತ್ತಿದ್ದರು. ಊರು ದಾಟುವುದರೊಳಗೆ ಬೈತಲೆ, ಮುರಗೋಡ ಬರುವಷ್ಟರಲ್ಲಿ ಎಡಗಡೆಯ ಜಡೆ, ನಾವು ಇಳಿಯುವ ಹಳ್ಳಿಯ ಹೊತ್ತಿಗೆ ಬಲಗಡೆಯದು. ಡ್ರೈವರ್ ಸ್ವಲ್ಪ ಉಮೇದಿನಲ್ಲಿದ್ದ ದಿನ ಆ ಹುಡುಗಿ ಒಂದೇ ಜಡೆಯಲ್ಲಿ ಇಳಿದು, ಇನ್ನರ್ಧ ತಲೆ ಬಿಚ್ಚಿಕೊಂಡೇ ಪ್ರಾರ್ಥನೆಗೆ ನಿಲ್ಲುತ್ತಿದ್ದಳು. ಕಡೆಕಡೆಗೆ ಡ್ರೈವರೇ ನಮ್ಮ ಹಳ್ಳಿಯ ಬೇವಿನ ಮರ ಕಂಡೊಡನೆ ಹಿಂದೆ ತಿರುಗದೆ ಕೂಗಿ ಕೇಳುತ್ತಿದ್ದ.

"ಅಕ್ಕೋರ, ಜಡಿ ಆತೇನ್ರಿ?"

"ರಿಬ್ಬನ್ ಒಂದ ಉಳದೈತಿ ಅಣ್ಣಾ, ಜರಾ ಸಾವಕಾಶ ಹೊಡೀ."

ಅವನು ನಿಜವಾಗಿಯೂ ಸಾವಕಾಶ ಹೊಡೆಯುತ್ತಿದ್ದ. ಬಸ್ಸಿನಲ್ಲಿದ್ದ ಯಾರೂ ತಕರಾರು ತೆಗೆದದ್ದು ನನಗೆ ನೆನಪಿಲ್ಲ.

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರೆಲ್ಲರೂ ಅಕ್ಕೋರೇ. ಆ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ನಾವು ಇಬ್ಬರು ಅಕ್ಕೋರು, ಒಬ್ಬ ಹೆಡ್ ಮಾಸ್ತರು. ಹಳ್ಳಿಯ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಯವರು ಬಂದು "ನಮ್ಮ ಸಾಲಿ ಮರ್ಯಾದಿ ತಗದ್ರಿ" ಎಂದು ಜಗಳಕ್ಕೆ ನಿಂತಾರು. ಮೂರನೇ ಮತ್ತು ನಾಲ್ಕನೇ ಇಯತ್ತೆ ಜೈತುನಬಿಯವರದು, ಒಂದು ಮತ್ತು ಎರಡು ನನ್ನವು. ವಯಸ್ಸಿನಲ್ಲಿಯೂ ನೌಕರಿಯಲ್ಲಿಯೂ ನಾನು ಕಿರಿಯಳಾದ್ದರಿಂದ ಅವರು ನನ್ನನ್ನು "ಸಣ್ಣ ಅಕ್ಕೋರ" ಎಂದು ಕರೆಯುತ್ತಿದ್ದರು. ತೊಂಬತ್ತರ ದಶಕದ ನಡುವಿನ ಮಾತು ಇದು. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ.

ಜೈತುನಬಿಯವರು ಎತ್ತರದ ಹೆಂಗಸು, ದನಿ ಅದಕ್ಕಿಂತ ಎತ್ತರ. ಗಂಡ ಲಾರಿ ಡ್ರೈವರು. ಮನೆಗೆ ಯಾವಾಗ ಬರುತ್ತಾನೆಂದು ಅವನಿಗೇ ಗೊತ್ತಿರುತ್ತಿರಲಿಲ್ಲ. ಅತ್ತೆ ಇರುವ ತನಕ ಮಕ್ಕಳನ್ನು ಅವರೇ ನೋಡಿಕೊಳ್ಳುತ್ತಿದ್ದರಂತೆ. ಅತ್ತೆ ತೀರಿಕೊಂಡ ಮೇಲೆ ಶಮಶಾದ, ಬಾಬು, ಇನ್ನೂ ಸರಿಯಾಗಿ ಚಡ್ಡಿ ಹಾಕಲು ಒಪ್ಪದ ರಫೀಕ, ಮೂವರೂ ಅವ್ವನ ಜೊತೆ ಬಸ್ಸು ಹತ್ತತೊಡಗಿದರು. ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಆ ಕುಟುಂಬ ಬರುವುದನ್ನು ನೋಡಬೇಕು. ಹೆಗಲಿಗೊಂದು ಚೀಲ, ಕೈಗೊಂದು ಡಬ್ಬಿ, ಕಂಕುಳಲ್ಲಿ ರಫೀಕ, ಸೆರಗು ಹಿಡಿದ ಬಾಬು, ತಲೆ ಕೆದರಿದ ಶಮಶಾದ. ಅಷ್ಟರ ನಡುವೆಯೂ ಯಾರನ್ನೋ ಬೈಯುತ್ತ, ಯಾರದೋ ಮಾತಿಗೆ ನಗುತ್ತ ಬರುವ ಅಕ್ಕೋರು.

ಅವರು ಒಂದು ಹೊತ್ತಿಗೆ ಒಂದೇ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಬಸ್ಸಿನಲ್ಲಿ ಜಡೆ ಮುಗಿದು ವೇಳೆ ಉಳಿದರೆ ಮೆಂತೆ ಸೊಪ್ಪು ಸೋಸುತ್ತಿದ್ದರು. ಮನೆಯಲ್ಲಿ ಪಲ್ಯ ತಿರುವುತ್ತ ಹುಡುಗರು ಲೆಕ್ಕ ಬರೆದ ಪಟ್ಟಿ ತಿದ್ದುತ್ತಿದ್ದರು. ಮರುದಿನ ಪಟ್ಟಿ ಕೈಗೆ ಬಂದೊಡನೆ ಹುಡುಗರು ಮೊದಲು ನೋಡುತ್ತಿದ್ದುದು ತಮ್ಮ ಅಂಕಗಳನ್ನಲ್ಲ, ಹಾಳೆಯ ಮೇಲಿನ ಕಲೆಯನ್ನು. ಮೂಸಿ ನೋಡಿ, "ನಿನ್ನಿ ಬದನಿಕಾಯಿ ಮಾಡಿದ್ರೇನ್ರಿ ಅಕ್ಕೋರ?" ಎಂದು ಕೇಳುತ್ತಿದ್ದರು. "ಹೌದಪಾ, ಉಪ್ಪು ಜರಾ ಹೆಚ್ಚಾಗಿತ್ತು. ಅದನ್ನ ಬಿಟ್ಟು ನಿನ್ನ ಭಾಗಾಕಾರ ನೋಡು," ಎಂಬುದು ಉತ್ತರ.

ಹುಣ್ಣಿಮೆ, ಮಂಗಳವಾರ, ಶುಕ್ರವಾರಗಳಲ್ಲಿ ಬಸ್ಸಿನ ತುಂಬ ಸವದತ್ತಿಯ ದೇವಿಯ ಗುಡ್ಡಕ್ಕೆ ಹೊರಟ ಜನ. ಅಂಥ ದಿನ ನಿಂತೇ ಜಡೆ ಹಾಕಬೇಕು. ಪಕ್ಕದಲ್ಲಿದ್ದ ಯಾವುದಾದರೂ ಮುದುಕಿ ಪ್ರೀತಿಗೆ ರಫೀಕನ ಹಣೆಗೆ ಭಂಡಾರ ಬಳಿದುಬಿಡುತ್ತಿದ್ದಳು. ಆಮೇಲೆ ಹೆಸರು ಕೇಳಿ ಮುದುಕಿಗೇ ಗಾಬರಿ. ಜೈತುನಬಿಯವರು ಮಾತ್ರ "ಹಚ್ಚರಿ ಬಿಡ್ರಿ ಆಯೀ, ಕರಿ ಮಾರಿಗೆ ಹಳದಿ ಚಲೋ ಕಾಣತೈತಿ," ಎಂದು ಇನ್ನೊಬ್ಬ ಮಗನ ಹಣೆಯನ್ನೂ ಮುಂದೆ ಮಾಡುತ್ತಿದ್ದರು.

ಇಂಥವರ ಎದುರಿನ ಸೀಟಿನಲ್ಲಿ ಕೂತು ನಾನು ಅಳುತ್ತ ಹೋಗುತ್ತಿದ್ದೆ. ಹೆರಿಗೆಯ ರಜೆ ಮುಗಿದು ಆಗಷ್ಟೇ ಶಾಲೆಗೆ ಬಂದಿದ್ದೆ. ಮಗಳು ಗೌರಿಗೆ ಐದು ತಿಂಗಳು. ಬಾಟಲಿ ತೋರಿಸಿದರೆ ಬಾಯಿ ಬಿಗಿ ಹಿಡಿದು, ಕಣ್ಣು ಕೆಂಪಾಗುವ ತನಕ ಕಿರುಚುವ ಕೂಸು. ಅತ್ತೆಗೆ ಕಣ್ಣಿಗೆ ಪೊರೆ ಬಂದಿತ್ತು. ಒಂದು ದಿನ ಕೂಸನ್ನು ಎತ್ತಿಕೊಂಡು ಹೊಸ್ತಿಲು ಎಡವಿದ ಮೇಲೆ ಅವರೇ "ನನ್ನ ಕೈಲೆ ಆಗೂದಿಲ್ಲ ಯವ್ವಾ," ಎಂದು ಅತ್ತರು. ರಾಮದುರ್ಗದಲ್ಲಿದ್ದ ನನ್ನ ತಾಯಿಗೆ ಹಾಸಿಗೆ ಹಿಡಿದ ಅಪ್ಪನನ್ನು ಬಿಟ್ಟು ಬರುವಂತಿರಲಿಲ್ಲ. ಹತ್ತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಒಳ್ಳೆಯವರು. ಎಷ್ಟು ಒಳ್ಳೆಯವರೆಂದರೆ ಏನು ಕೇಳಿದರೂ "ನಿನ್ನ ಮನಸ್ಸಿಗೆ ಬಂದಂಗ ಮಾಡು," ಎನ್ನುವವರು. ಅದರಿಂದ ಯಾವ ಹೆಂಗಸಿಗೆ ಏನು ಉಪಯೋಗವಾಗಿದೆಯೋ ನಾನರಿಯೆ. ಮನೆಯ ಉಳಿದವರೆಲ್ಲ ಒಂದೇ ಮಾತು ಹೇಳತೊಡಗಿದ್ದರು: ನೌಕರಿ ಬಿಡು.

ಬಿಡುವುದೆಂದು ನಾನೂ ನಿರ್ಧರಿಸಿದೆ. ಅಷ್ಟು ಕಷ್ಟಪಟ್ಟು ಓದಿ, ನಮ್ಮ ಮನೆತನದಲ್ಲೇ ಮೊದಲ ಬಾರಿ ಹೆಣ್ಣುಮಗಳೊಬ್ಬಳು ಗಳಿಸಿದ ನೌಕರಿ. ಬಿಡುತ್ತೇನೆಂದು ಒಂದು ಬೆಳಿಗ್ಗೆ ಬಸ್ಸಿನಲ್ಲಿ ಜೈತುನಬಿಯವರಿಗೆ ಹೇಳಿದೆ. ಅವರು ಶಮಶಾದಳ ಜಡೆಯನ್ನು ಅರ್ಧಕ್ಕೆ ಹಿಡಿದುಕೊಂಡು ನನ್ನನ್ನೇ ನೋಡಿದರು.

"ಬಿಡಾಕ ಏನ ಅವಸರ? ನಾಳೆ ಕೂಸಿನ್ನ ಕರಕೊಂಡ ಬರ್ರಿ."

"ಎಲ್ಲಿಗ್ರಿ?"

"ಎಲ್ಲಿಗಂದ್ರ? ಸಾಲಿಗಿ. ಸಾಲಿ ಇರೂದ ಹುಡುಗೂರ ಸಲುವಾಗಿ ಅಲ್ಲೇನ್ರಿ? ಅಕಿ ಜರಾ ಲಗೂ ಹೆಸರ ಹಚ್ಚಾಕ ಹತ್ಯಾಳ, ಅಷ್ಟ."

"ಹೆಡ್ ಮಾಸ್ತರು ಏನಂತಾರೋ..."

"ಅವ್ರು ಅಂಜತಾರು. ಅಂಜಲಿ ಬಿಡ್ರಿ, ಅವ್ರಿಗೆ ರೂಢಿ ಐತಿ. ಒಂದ ತಿಂಗಳಾ ನೋಡೂಣು. ಆಗತೈತಿ ತಗೋರಿ."

"ಆಗತೈತಿ ತಗೋರಿ" ಎಂಬುದು ಅವರ ಬಾಯಿಯ ಖಾಯಂ ಮಾತು. ಮಳೆ ಬಂದು ಶಾಲೆ ಸೋರಿದರೂ ಅದೇ, ಗಂಡ ವಾರಗಟ್ಟಲೆ ಬಾರದಿದ್ದರೂ ಅದೇ.

ಮರುದಿನ ಅವರು ತಮ್ಮದೊಂದು ಹಳೆಯ ಸೀರೆ ತಂದು, ಮೂರನೇ ಇಯತ್ತೆಯ ಕೋಣೆಯ ತೊಲೆಗೆ ಹಗ್ಗ ಬಿಗಿದು ಜೋಲಿ ಕಟ್ಟಿದರು. ನನ್ನ ಕೋಣೆಯಲ್ಲಿ ಕಟ್ಟೋಣವೆಂದರೆ, "ಬ್ಯಾಡ್ರಿ, ಒಂದನೇತ್ತೇದಾಗ ಅಳಾವ್ರು ಮೊದಲ ಭಾಳ ಅದಾರು," ಎಂದರು. ಜೋಲಿಗೆ ಒಂದು ದಾರ ಕಟ್ಟಿ ಅದರ ತುದಿಯನ್ನು ತಮ್ಮ ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಬೋರ್ಡಿನ ಪಕ್ಕದ ಕುರ್ಚಿಯಲ್ಲಿ ಕೂತು ಪಾಠ ಶುರು ಮಾಡಿದರು. ಹುಡುಗರು ದನಿ ಎತ್ತಿ ಮಗ್ಗಿ ಹೇಳತೊಡಗಿದರು. ಏಳೊಂದ್ಲ ಏಳು, ಏಳೆರಡ್ಲ ಹದಿನಾಕು. ಮನೆಯಲ್ಲಿ ಸೂಜಿ ಬಿದ್ದರೂ ಎಚ್ಚರಾಗುತ್ತಿದ್ದ ನನ್ನ ಮಗಳು ಆ ಗದ್ದಲದಲ್ಲಿ ನಿದ್ದೆ ಹೋದಳು. ನಾನು ನಡುನಡುವೆ ಓಡಿಬಂದು, ನಕಾಶೆಗಳ ಕಪಾಟಿನ ಮರೆಯಲ್ಲಿ ಕೂತು ಹಾಲು ಕುಡಿಸಿ ಹೋಗುತ್ತಿದ್ದೆ. ನಾನಿಲ್ಲದಾಗ ನನ್ನ ಹುಡುಗರು ಒಬ್ಬರನ್ನೊಬ್ಬರು ಹೊಡೆದುಕೊಂಡು ಅಳುತ್ತಿದ್ದುದರಿಂದ ಅವರಿಗೂ ಬೇಸರವಾಗುತ್ತಿರಲಿಲ್ಲ.

ತೊಂದರೆ ಶುರುವಾದದ್ದು ರವಿವಾರ. ಮನೆಯಲ್ಲಿ ಕೂಸು ಏನು ಮಾಡಿದರೂ ಮಲಗದು. ಲಾಲಿ ಹಾಡಿದರೆ ಕಿರುಚಾಟ ಇನ್ನೂ ಜೋರು. ಕಡೆಗೆ ನಾನು ಸೋತು ಏಳರ ಮಗ್ಗಿ ಹಿಡಿದೆ. ಕಣ್ಣು ಮುಚ್ಚಿತು. ಆಮೇಲೆ ನಮ್ಮ ಮನೆಯಲ್ಲಿ ರಜೆಯ ದಿನ ಎಲ್ಲರೂ ಪಾಳಿಯ ಮೇಲೆ ಮಗ್ಗಿ ಹೇಳಬೇಕಾಯಿತು. ಶಾಲೆಯ ಮುಖ ಕಾಣದ ಅತ್ತೆ ಆರರ ತನಕ ಕಲಿತರು. ದಿನವಿಡೀ ಲೆಕ್ಕ ಬರೆಯುವ ನನ್ನ ಗಂಡ ಹನ್ನೆರಡರ ಆಚೆ ತಡವರಿಸಿದೊಡನೆ ಮಗಳು ಕಣ್ಣು ಬಿಟ್ಟು ಅವರನ್ನೇ ದಿಟ್ಟಿಸುತ್ತಿದ್ದಳು.

ಹೆಡ್ ಮಾಸ್ತರು ಒಪ್ಪಿದ್ದು ಒಂದು ಕರಾರಿನ ಮೇಲೆ. ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬಂದ ದಿನ ಕೂಸು, ಜೋಲಿ ಎರಡೂ ಕಣ್ಣಿಗೆ ಬೀಳಬಾರದು. ಸಾಹೇಬರ ಜೀಪಿನ ಧೂಳು ಕೆರೆಯ ಏರಿಯ ಮೇಲೆ ಕಂಡೊಡನೆ ಜೋಲಿ ಬಿಚ್ಚಿ, ಕೂಸನ್ನು ಎದುರು ಮನೆಗೆ ಸಾಗಿಸುವುದೆಂದು ಎಲ್ಲ ಗೊತ್ತುಮಾಡಿದ್ದಾಯಿತು. ಸಾಹೇಬರ ಜೀಪು ಕೆಟ್ಟು ಅವರು ಬಸ್ಸಿನಲ್ಲಿ ಬರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಅವರು ಬಂದದ್ದು ಹಾಗೆಯೇ. ಗೇಟಿನಲ್ಲಿ ಅವರನ್ನು ಕಂಡ ಹೆಡ್ ಮಾಸ್ತರು ಎರಡೂ ಕೋಣೆಗಳ ಬಾಗಿಲಿಗೆ ಓಡಿಬಂದು ಬಾಯಿಯ ಮೇಲೆ ಬೆರಳಿಟ್ಟು "ಶ್!" ಎಂದರು. ಇಡೀ ಶಾಲೆ ಒಮ್ಮೆಲೇ ಸ್ತಬ್ಧವಾಯಿತು. ಅಂಥ ಶಾಂತಿ ಆ ಕಟ್ಟಡ ಕಟ್ಟಿದ ಮೇಲೆ ಅಲ್ಲಿ ಎಂದೂ ಇದ್ದಿರಲಿಕ್ಕಿಲ್ಲ. ಮಗ್ಗಿ ನಿಂತದ್ದೇ ತಡ, ಗೌರಿ ಎಚ್ಚರಗೊಂಡು ಒಂದೇ ದನಿಯಲ್ಲಿ ಅಳತೊಡಗಿದಳು.

ಪಕ್ಕದ ಕೋಣೆಯಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದ ನನ್ನ ಸ್ಥಿತಿ ಏನು ಹೇಳಲಿ? ಆ ಅಳು ಕೇಳಿ ಎದೆಯ ಹಾಲು ಉಕ್ಕಿ ಬಂದು ಸೆರಗೆಲ್ಲ ಒದ್ದೆ. ಖಾಯಂ ಆಗದ ನೌಕರಿ ಇವತ್ತಿಗೆ ಹೋಯಿತು ಎಂದುಕೊಂಡೆ. ಬಿಡಬೇಕೆಂದು ದಿನವೂ ಹೇಳುತ್ತಿದ್ದವಳಿಗೆ, ಅದು ಹೋಗುತ್ತದೆ ಎಂದಾಗ ಅದು ಎಷ್ಟು ಬೇಕು ಎಂದು ಅರಿವಾಯಿತು. ಆ ಕಡೆಯಿಂದ ಸಾಹೇಬರ ಗಡಸು ದನಿ ಕೇಳಿತು.

"ಯಾರ ಕೂಸಿದು?"

"ನಂದ್ರೀ," ಎಂದರು ಜೈತುನಬಿ, ಒಂದು ಕ್ಷಣವೂ ತಡೆಯದೆ.

ಅವರ ನೌಕರಿ ಖಾಯಂ, ನನ್ನದು ಅಲ್ಲ. ಅಷ್ಟೇ ಅವರ ಲೆಕ್ಕ. ನಾನು ಒಳಗೆ ನಿಲ್ಲಲಾರದೆ ಬಾಗಿಲಿಗೆ ಬಂದೆ. ನನ್ನನ್ನು ಕಂಡದ್ದೇ ಗೌರಿ ಅವರ ತೋಳಿನಿಂದ ಅರ್ಧ ಹೊರಗೆ ಜಿಗಿದು ನನ್ನ ಕಡೆ ಕೈ ಚಾಚಿದಳು. ಸಾಹೇಬರು ಕೂಸನ್ನು ನೋಡಿದರು, ನನ್ನ ಸೆರಗನ್ನು ನೋಡಿದರು, ಮತ್ತೆ ಜೈತುನಬಿಯವರ ಕಡೆ ತಿರುಗಿದರು.

"ನಿಮ್ಮದೋ, ಅವರದೋ?"

"ಇಬ್ಬರದೂರಿ ಸಾಹೇಬ್ರ. ಹಡದಾಕಿ ಅಕಿ, ತೂಗಾಕಿ ನಾನು."

ಮೂರನೇ ಇಯತ್ತೆಯ ಹುಡುಗರು ನಕ್ಕುಬಿಟ್ಟರು. ಹೆಡ್ ಮಾಸ್ತರು ಗೋಡೆ ಹಿಡಿದುಕೊಂಡರು. ಸಾಹೇಬರು ನಗಲಿಲ್ಲ. ನನಗೆ ಕೂಸನ್ನು ತೆಗೆದುಕೊಂಡು ಹೋಗಲು ಸನ್ನೆ ಮಾಡಿ, ಹುಡುಗರಿಗೆ ಮಗ್ಗಿ ಕೇಳತೊಡಗಿದರು. ಏಳರದು ಕೇಳಿದರು, ಹದಿಮೂರರದು, ಹತ್ತೊಂಬತ್ತರದು. ತಿಂಗಳುಗಟ್ಟಲೆ ನನ್ನ ಮಗಳನ್ನು ಮಲಗಿಸಿದ್ದ ಹುಡುಗರು ಉಸಿರು ತೆಗೆದುಕೊಳ್ಳದೆ ಹೇಳಿದರು. ಕಪಾಟಿನ ಮರೆಯಲ್ಲಿ ಹಾಲು ಕುಡಿಯುತ್ತಿದ್ದ ಗೌರಿ ಹತ್ತೊಂಬತ್ತರ ನಡುವಿಗೇ ನಿದ್ದೆ ಹೋದಳು. ಹೊರಡುವಾಗ ಸಾಹೇಬರು ತೊಲೆಯ ಕಡೆ ಕತ್ತೆತ್ತಿ ನೋಡಿ, "ಹಗ್ಗ ಸವದೈತ್ರಿ, ಬ್ಯಾರೆ ಹಾಕ್ರಿ. ಕೂಸ ಬಿದ್ದಗಿದ್ದೀತು," ಎಂದು ಹೇಳಿ ಹೋದರು. ಹೆಡ್ ಮಾಸ್ತರು ಮರುದಿನವೇ ತಮ್ಮ ಮನೆಯಿಂದ ಹೊಸ ಹಗ್ಗ ತಂದುಕೊಟ್ಟರು.

ಒಂದು ತಿಂಗಳು ಎಂದದ್ದು ಹೀಗೆ ಬೆಳೆಯುತ್ತ ಹೋಯಿತು. ಆದರೆ ಎಲ್ಲವೂ ನಗೆಯಲ್ಲೇ ಸಾಗಿತು ಎಂದರೆ ಸುಳ್ಳು. ಒಂದು ಶುಕ್ರವಾರ ಬಸ್ಸು ಕಿಕ್ಕಿರಿದಿತ್ತು. ಇಳಿಯುವಾಗ ನನ್ನ ಕೈಯಲ್ಲಿ ಚೀಲಗಳಿದ್ದವೆಂದು ಜೈತುನಬಿಯವರು ಗೌರಿಯನ್ನು ಎತ್ತಿಕೊಂಡರು. ಎಲ್ಲರೂ ಇಳಿದೆವು, ಬಸ್ಸು ಹೋಯಿತು. ಶಾಲೆಯ ಮೆಟ್ಟಿಲಿಗೆ ಬಂದ ಮೇಲೆ ಶಮಶಾದ, "ಅವ್ವಾ, ರಫೀಕ ಎಲ್ಲಿ?" ಎಂದಳು. ರಫೀಕ ಹಿಂದಿನ ಸೀಟಿನಲ್ಲಿ ಮಲಗಿದ್ದವನು ಹಾಗೆಯೇ ಸವದತ್ತಿಗೆ ಹೊರಟುಹೋಗಿದ್ದ.

ಆಗ ಊರಲ್ಲಿ ಒಂದೇ ಫೋನು, ಅದೂ ಕೆಟ್ಟಿತ್ತು. ಜೈತುನಬಿಯವರು ರಸ್ತೆಗೆ ಓಡಿದರು. ಹಾದುಹೋದ ಮೋಟರ್ ಸೈಕಲ್ಲಿನವನೊಬ್ಬನನ್ನು ಬಸ್ಸಿನ ಬೆನ್ನು ಹತ್ತಿಸಿ, ಬೇವಿನ ಮರದ ಕೆಳಗೆ ನಿಂತರು. ನಾನು ಏನು ಹೇಳಿದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅದೇ ಬಸ್ಸು ತಿರುಗಿ ಬಂತು. ಕಂಡಕ್ಟರನ ತೊಡೆಯ ಮೇಲೆ ರಫೀಕ ಕೂತಿದ್ದ. ಹಣೆಯ ತುಂಬ ಭಂಡಾರ, ಎರಡೂ ಕೈಯಲ್ಲಿ ಬಾಳೆಹಣ್ಣು, ಅವ್ವನನ್ನು ಕಂಡರೂ ಇಳಿಯಲು ಮನಸ್ಸಿಲ್ಲ.

"ಕಂಕುಳಾಗ ಕೂಸ ಇತ್ತಲ್ರಿ, ಹಂಗಾಗಿ ಎಲ್ಲಾರೂ ಬಂದ್ರು ಅನಸ್ತು," ಎಂದು ಅವರು ಎಲ್ಲರ ಮುಂದೆ ನಕ್ಕರು. ಮಧ್ಯಾಹ್ನ ನಾನು ನೀರಿಗೆಂದು ಹಿಂದೆ ಹೋದಾಗ, ಶಾಲೆಯ ಹಿಂಗೋಡೆಗೆ ಒರಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದರು. ಹತ್ತಿರ ಹೋದೆ. "ಏನಿಲ್ರಿ. ಜರಾ ದಣಿವಾತು. ಒಂದೊಂದ ದಿನಾ ಆಗತೈತಿ," ಎಂದು ಮೂಗು ಒರೆಸಿಕೊಂಡು ತರಗತಿಗೆ ನಡೆದರು. ಅವರು ದಣಿಯುತ್ತಾರೆ ಎಂಬುದು ನನಗೆ ಆ ತನಕ ತಿಳಿದೇ ಇರಲಿಲ್ಲ.

ಅದಾದ ಮೇಲೆ ನನ್ನ ಮನಸ್ಸು ಮತ್ತೆ ನೌಕರಿ ಬಿಡುವ ಕಡೆ ತಿರುಗಿತು. ನನ್ನ ಕೂಸಿನಿಂದಾಗಿ ಅವರ ಮಗ ಕಳೆದುಹೋಗುತ್ತಿದ್ದ. ಅದೂ ಅಲ್ಲದೆ ಇನ್ನೊಂದು ಸಂಕಟವಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಗೌರಿ ಮೊದಲ ಬಾರಿ ಆಸರೆಯಿಲ್ಲದೆ ಕೂತದ್ದು ಮೂರನೇ ಇಯತ್ತೆಯಲ್ಲಿ, ನಾನು ಪಕ್ಕದ ಕೋಣೆಯಲ್ಲಿ ಅಕ್ಷರ ತಿದ್ದಿಸುವಾಗ. ಮೊದಲ ಹಲ್ಲು ಕಂಡದ್ದು ಶಮಶಾದಳ ಬೆರಳಿಗೆ. ಮೊದಲ ಮಾತು ಅವ್ವನೂ ಅಲ್ಲ, ಅಪ್ಪನೂ ಅಲ್ಲ, "ಒಂದ್ಲ". ಅದನ್ನು ಕೇಳಿದವರೂ ಆ ಹುಡುಗರೇ. ಪ್ರತಿ ಸಲವೂ ಯಾರಾದರೂ ಓಡಿಬಂದು ನನಗೆ ಸುದ್ದಿ ಮುಟ್ಟಿಸುತ್ತಿದ್ದರು. ನಾನು ನಕ್ಕು ಸಂತೋಷಪಟ್ಟು, ಬೋರ್ಡಿನ ಕಡೆ ತಿರುಗಿ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಒಂದು ಗೋಡೆಯ ಆಚೆ ಇದ್ದೂ ನನ್ನ ಮಗಳು ಬೆಳೆಯುವುದನ್ನು ಬೇರೆಯವರ ಬಾಯಿಂದ ಕೇಳಬೇಕಾಗಿತ್ತು.

ಒಂದು ಶನಿವಾರ ಮರಳುವ ಬಸ್ಸಿನಲ್ಲಿ ಅದೆಲ್ಲ ಹೊರಬಿತ್ತು. ಗೌರಿ ಆಗ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಜೈತುನಬಿಯವರು ಶೇಂಗಾ ಸುಲಿದು ಮಕ್ಕಳಿಗೆ ಹಂಚುತ್ತಿದ್ದರು.

"ಅಕ್ಕೋರ, ಒಂದ ಮಾತ ಹೇಳತೇನಿ, ಸಿಟ್ಟಾಗಬ್ಯಾಡ್ರಿ," ಎಂದೆ. "ಅಕಿ ಕುಂತದ್ದ ನಾ ನೋಡಲಿಲ್ಲ. ಹಲ್ಲ ಬಂದದ್ದ ನೋಡಲಿಲ್ಲ. ಇನ್ನ ಅಕಿ ಮೊದಲನೇ ಹೆಜ್ಜಿನೂ ನನ್ನ ಕಣ್ಣ ತಪ್ಪಿತಂದ್ರ ನಾ ನೌಕರಿ ಬಿಡಾಕೀನ. ಯಾರ ಹೇಳಿದ್ರೂ ಕೇಳೂದಿಲ್ಲ."

"ಆಗತೈತಿ ತಗೋರಿ" ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ನನ್ನ ಅಂಗೈಯಲ್ಲಿ ನಾಲ್ಕು ಶೇಂಗಾ ಇಟ್ಟರು.

ಮುಂದಿನ ತಿಂಗಳು, ಒಂದು ಬೆಳಿಗ್ಗೆ, ಪ್ರಾರ್ಥನೆ ಮುಗಿದು ಪಾಠ ಶುರುವಾಗುವ ಹೊತ್ತಿಗೆ ಜೈತುನಬಿಯವರ ದನಿ ಗೋಡೆ ದಾಟಿ ಬಂತು. "ಸಣ್ಣ ಅಕ್ಕೋರ! ಲಗೂ ಬರ್ರಿ, ಇದ್ದದ್ದ ಇದ್ದಂಗ ಬರ್ರಿ!" ಕೂಸಿಗೆ ಏನಾಯಿತೋ ಎಂದು ಸೀಮೆಸುಣ್ಣ ಎಸೆದು ಓಡಿದೆ. ಹುಡುಗರೆಲ್ಲ ಗೋಡೆಗುಂಟ ಒತ್ತಿಕೊಂಡು ಕೂತಿದ್ದರು. ನಡುವಿನ ನೆಲ ಖಾಲಿ. ಆ ತುದಿಗೆ ಅಕ್ಕೋರು ಕುಕ್ಕರಗಾಲಿನಲ್ಲಿ ಕೂತು ಗೌರಿಯ ಬಗಲು ಹಿಡಿದಿದ್ದರು.

"ಅಲ್ಲೇ ಕುಂದರ್ರಿ. ಕೈ ಚಾಚ್ರಿ. ಕರೀರಿ ಅಕಿನ್ನ."

ನಾನು ಬಾಗಿಲಲ್ಲೇ ಕೂತೆ. ಕರೆದೆ. ಅವರು ಕೈ ಬಿಟ್ಟರು. ಗೌರಿ ಒಂದು ಗಳಿಗೆ ತೂಗಾಡಿದಳು, ನನ್ನ ಮುಖ ನೋಡಿದಳು, ಹೊಟ್ಟೆ ಮುಂದೆ ಮಾಡಿ ಒಂದು ಹೆಜ್ಜೆ ಇಟ್ಟಳು. ಇನ್ನೊಂದು. ಮತ್ತೊಂದು. ಕಡೆಗೆ ಓಡಿದಂತೆ ಬಂದು ನನ್ನ ಮಡಿಲಲ್ಲಿ ಬಿದ್ದಳು. ನಾನು ಅವಳನ್ನು ಎದೆಗೊತ್ತಿಕೊಂಡು ಜೋರಾಗಿ ಅತ್ತೆ. ಹುಡುಗರು ಚಪ್ಪಾಳೆ ತಟ್ಟಿ "ನಡದ್ಲು! ನಡದ್ಲು!" ಎಂದು ಮಾಡು ಹಾರಿಹೋಗುವಂತೆ ಕೂಗಿದರು. ಹೆಡ್ ಮಾಸ್ತರು ಎಲ್ಲರಿಗೂ ಪೆಪ್ಪರಮಿಂಟು ತರಿಸಿದರು. ಸಂಜೆ ಮನೆಗೆ ಹೋಗಿ ಗಂಡನ ಮುಂದೆ, ಅತ್ತೆಯ ಮುಂದೆ, ಓಣಿಯವರ ಮುಂದೆಲ್ಲ ಹೇಳಿದೆ: ನನ್ನ ಮಗಳು ಮೊದಲು ನಡೆದದ್ದು ನನ್ನ ಕಡೆಗೇ.

ನೌಕರಿ ಬಿಡುವ ಮಾತನ್ನು ಆಮೇಲೆ ನಾನು ಎತ್ತಲಿಲ್ಲ. ಮುಂದೆ ಖಾಯಂ ಆಯಿತು, ಬಡತಿ ಬಂತು. ಎರಡನೆಯವನು ಹುಟ್ಟುವ ಹೊತ್ತಿಗೆ ಅತ್ತೆಯ ಕಣ್ಣಿನ ಆಪರೇಶನ್ ಆಗಿ, ಅವರು ಮೊಮ್ಮಗನನ್ನು ಎತ್ತಿಕೊಂಡು ಇಡೀ ಓಣಿ ತಿರುಗುತ್ತಿದ್ದರು. ಜೈತುನಬಿಯವರ ಗಂಡ ಲಾರಿ ಬಿಟ್ಟು ರಾಮದುರ್ಗದಲ್ಲಿ ಟಯರಿನ ಅಂಗಡಿ ಹಾಕಿದ. ಅವರೂ ಆ ಕಡೆ ವರ್ಗ ಮಾಡಿಸಿಕೊಂಡರು. ಅವರು ಹೋದ ದಿನ ಬಸ್ಸಿನಲ್ಲಿ ಒಬ್ಬಳೇ ಕೂತಾಗ ಕೈಗೆ ಏನು ಕೆಲಸ ಕೊಡಬೇಕೆಂದು ನನಗೆ ತಿಳಿಯಲಿಲ್ಲ.

ಅವರು ಈಗ ಇಲ್ಲ. ಸಣ್ಣ ಜಡ್ಡು ಎಂದು ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಸುದ್ದಿ ನನಗೆ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ನಾವು ಕಡೆಯ ಸಲ ಕೂಡಿದ್ದು ಅದಕ್ಕೆ ಕೆಲವು ವರ್ಷ ಮೊದಲು, ತವರಿಗೆಂದು ರಾಮದುರ್ಗಕ್ಕೆ ಹೋದಾಗ ಅವರ ಮನೆಯಲ್ಲಿ. ಗೌರಿಯೂ ಜೊತೆಗಿದ್ದಳು, ಆಗ ಆರನೆಯ ತರಗತಿ. ಜೈತುನಬಿಯವರು ದಪ್ಪಗಾಗಿದ್ದರು, ದನಿ ಇಳಿದಿರಲಿಲ್ಲ. ಒಂದು ಕೈಯಲ್ಲಿ ಚಹಾ ಸೋಸುತ್ತ, ಇನ್ನೊಂದು ಕೈಯಿಂದ ಗೌರಿಯ ಬೆನ್ನು ಸವರುತ್ತ, ಹಾದಿಯಲ್ಲಿ ಹೋಗುತ್ತಿದ್ದ ಯಾರೊಡನೆಯೋ ಕಿಟಕಿಯಿಂದ ಮಾತಾಡುತ್ತಿದ್ದರು. ಶಮಶಾದ ಶಿಕ್ಷಕಿಯ ತರಬೇತಿಗೆ ಸೇರಿದ್ದಳು. ಚುರುಮುರಿಯ ತಾಟು ತಂದಿಟ್ಟು ಗೌರಿಯ ಗಲ್ಲ ಹಿಂಡಿದಳು.

"ನಿನ್ನ ಸಲುವಾಗಿ ಇಡೀ ಮೂರನೇತ್ತೆ ಸುಳ್ಳ ಹೇಳೇತಿ, ಗೊತ್ತೈತೇನ ನಿನಗ?"

"ಏ ಶಮ್ಮೂ, ಸುಮ್ನ ಕುಂದರ," ಎಂದರು ಜೈತುನಬಿ. ಅವರು ಮಗಳನ್ನು ಗದರಿದ ರೀತಿ ನೋಡಿ ನಾನು ಬಿಡಲಿಲ್ಲ. ಯಾವ ಸುಳ್ಳು ಎಂದು ಕೇಳಿದೆ.

ಶಮಶಾದ ಅವ್ವನ ಮುಖ ನೋಡಿದಳು, ನಗು ತಡೆಯಲಾಗದೆ ಹೇಳಿಬಿಟ್ಟಳು. ಗೌರಿ ನಡೆದದ್ದು ನಾನು ನೋಡಿದ ದಿನವಲ್ಲ, ಅದರ ಹಿಂದಿನ ಮಧ್ಯಾಹ್ನ. ಒಳಗೆ ಬಂದ ಕೋಳಿಮರಿಯೊಂದರ ಬೆನ್ನು ಹತ್ತಿ ಬೋರ್ಡಿನಿಂದ ಬಾಗಿಲ ತನಕ ನಡೆದಿದ್ದಳಂತೆ. ಒಬ್ಬ ಹುಡುಗ ನನಗೆ ಹೇಳಲು ಓಡಿದ್ದನಂತೆ. ಅಕ್ಕೋರು ಅವನ ಅಂಗಿ ಹಿಡಿದು ಎಳೆದು, ಬಾಗಿಲು ಹಾಕಿ, ಎಲ್ಲರ ಕೈಯನ್ನೂ ಪುಸ್ತಕದ ಮೇಲೆ ಇಡಿಸಿ ವಿದ್ಯೆಯ ಆಣೆ ಮಾಡಿಸಿದರಂತೆ.

ನಾನು ಚಹಾದ ಬಟ್ಟಲು ಕೆಳಗಿಟ್ಟೆ. ಜೈತುನಬಿಯವರು ಮೊದಲ ಸಲ ನನ್ನೆದುರು ಮುಖ ಸಣ್ಣದು ಮಾಡಿಕೊಂಡಿದ್ದರು.

"ಸಿಟ್ಟಾದ್ರೇನ್ರಿ? ಅವತ್ತ ಸಂಜೀಕ ಮನ್ಯಾಗ ನಡದಿದ್ರ ತಂತಾನ ಚಲೋ ಆಗತಿತ್ತು. ಮುಂಜಾನೆ ನಿಮ್ಮ ಮಾರಿ ನೋಡಿದೆ, ನಡದಿಲ್ಲ ಅಂತ ಗೊತ್ತಾತು. ನೌಕರಿ ಬಿಡತೇನಿ ಅಂದಿದ್ರಿ. ನೀವು ಬಿಡಾವ್ರ ಇದ್ರಿ. ನಾ ಏನ ಮಾಡ್ಲಿ?"

ಸಿಟ್ಟು ಎಲ್ಲಿಂದ ಬರಬೇಕು? ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಗೌರಿ ನಮ್ಮಿಬ್ಬರನ್ನೂ ನೋಡುತ್ತ ಚುರುಮುರಿ ತಿನ್ನುತ್ತಿದ್ದಳು. ಅಷ್ಟು ವರ್ಷ ಅವರ ಜೊತೆ ಓಡಾಡಿಯೂ ನಾನು ಎಂದೂ ಕೇಳದ ಒಂದು ಮಾತು ಆಗ ಬಾಯಿಗೆ ಬಂತು.

"ಅಕ್ಕೋರ, ನಿಮ್ಮ ಮಕ್ಕಳು ಮೊದಲ ನಡದಾಗ ನೀವು ನೋಡಿದ್ರೇನ್ರಿ?"

"ಒಂದನ್ನೂ ಇಲ್ರಿ. ಮೂರೂ ನಾ ಸಾಲ್ಯಾಗ ಇದ್ದಾಗ ನಡದಾವು," ಎಂದು ನಕ್ಕರು ಜೈತುನಬಿ, ನನ್ನ ಬಟ್ಟಲಿಗೆ ಮತ್ತೆ ಚಹಾ ಸುರಿಯುತ್ತ. "ನಮ್ಮತ್ತಿ ಭಾಳ ಖರೇ ಮಾತಿನಾಕಿ. ಬಾಗಲಾಗ ಚಪ್ಲಿ ಬಿಡೂದ್ರಾಗ ಹೇಳಿಬಿಡತಿದ್ಲು."